ಉದ್ಯೋಗ ಎಂಬ ಕಾಲಂನಲ್ಲಿ ಅಮ್ಮ

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಮೊದಲು ಯಾವೂರು ಎಂದು ಕೇಳುತ್ತಾರೆ, ಆಮೇಲೆ ಹೆಣ್ಣಿನ ಕಡೆಯೋ ಗಂಡಿನ ಕಡೆಯೋ ಎಂದು, ಪಾಯಸ ಬರುವಷ್ಟರಲ್ಲಿ ಏನು ಮಾಡ್ಕೊಂಡಿದೀರಿ ಎಂದು. ಮೊದಲೆರಡಕ್ಕೆ ಹೆಂಗಸರ ಉತ್ತರ ಸರಾಗ. ಮೂರನೆಯದಕ್ಕೆ ದನಿ ತಗ್ಗುತ್ತದೆ. ಮೈಸೂರಿನ ಕಡೆಯವರು ‘ಏನಿಲ್ಲ, ಮನೇಲೇ ಇದೀನಿ’ ಎನ್ನುತ್ತಾರೆ. ಧಾರವಾಡದ ಕಡೆ ‘ಏನಿಲ್ರೀ, ಮನ್ಯಾಗ ಇರ್ತೇನಿ’. ಮಂಗಳೂರಿನಲ್ಲಿ ‘ಕೆಲ್ಸ ಎಂತ ಇಲ್ಲ, ಮನೆಯಲ್ಲೇ ಇರುವುದು’.

ಎಷ್ಟೋ ಜನ ಅಷ್ಟಕ್ಕೇ ನಿಲ್ಲಿಸುವುದೂ ಇಲ್ಲ. ‘ಬಿ.ಇ. ಆಗಿದೆ, ಮಗು ಆದ್ಮೇಲೆ ಬಿಟ್ಟೆ’, ‘ಮೊದ್ಲು ಬ್ಯಾಂಕಲ್ಲಿದ್ದೆ’, ‘ಅತ್ತೆಗೆ ಹುಷಾರಿರಲ್ಲ, ಅದಕ್ಕೇ’, ‘ಚಿಕ್ಕವನು ಸ್ಕೂಲಿಗೆ ಸೇರಿದ ಮೇಲೆ ಮತ್ತೆ ನೋಡ್ಬೇಕು’. ಯಾರೂ ಕೇಳದ ಕಾರಣವನ್ನು ತಾವಾಗಿಯೇ ಒಪ್ಪಿಸುತ್ತಾರೆ. ಗುಮಾಸ್ತನಾಗಲಿ ಎಂಜಿನಿಯರಾಗಲಿ ತನ್ನ ಕೆಲಸ ಹೇಳಿದ ಮೇಲೆ ‘ಯಾಕೆಂದರೆ’ ಎಂದು ಮುಂದುವರಿಸಿದ್ದನ್ನು ನಾನು ಕೇಳಿಲ್ಲ. ಮನೆ ನೋಡಿಕೊಳ್ಳುವ ತಾಯಿಗೆ ಮಾತ್ರ ಆ ‘ಯಾಕೆಂದರೆ’ ಬೇಕಾಗುತ್ತದೆ.

ಹೀಗೆ ಹೇಳುವಾಕೆ ಆ ದಿನ ಬೆಳಗ್ಗೆ ಐದಕ್ಕೆ ಎದ್ದು, ಡಬ್ಬಿ ಕಟ್ಟಿ, ಮಗುವಿನಿಂದ ಮಗ್ಗಿ ಒಪ್ಪಿಸಿಕೊಂಡು, ಮಾವನ ಶುಗರ್ ಮಾತ್ರೆ ಎಣಿಸಿಟ್ಟು, ಸಿಲಿಂಡರಿನವನಿಗೆ ಓಟಿಪಿ ಹೇಳಿ, ಮುಯ್ಯಿಯ ಕವರಿಗೆ ಸೇರಿಸಲು ಒಂದು ರೂಪಾಯಿ ನಾಣ್ಯ ಹುಡುಕಿ, ಎಲ್ಲರನ್ನೂ ಹೊರಡಿಸಿಕೊಂಡು ಮದುವೆಗೆ ಬಂದಿರುತ್ತಾಳೆ.

ಈ ತಗ್ಗಿದ ದನಿಗೆ ಹೆಂಗಸರ ಸಂಕೋಚವೇ ಕಾರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಉತ್ತರವನ್ನು ಅವಳಿಗೆ ಕಲಿಸಿದವರು ನಾವು. ಗಣತಿಯ ಪುಸ್ತಕ, ವಿಮೆಯ ಅರ್ಜಿ, ಕೋರ್ಟಿನ ಕಡತ, ಮನೆಯ ಗಂಡಸರು ಎಲ್ಲ ಸೇರಿ ಕಲಿಸಿದ್ದೇವೆ. ಇದಕ್ಕಿಂತ ಕಹಿಯಾದ ಮಾತೊಂದಿದೆ. ಈ ದೇಶದಲ್ಲಿ ಅವಳ ಕೆಲಸ ಕೆಲಸವೆಂದು ಲೆಕ್ಕಕ್ಕೆ ಬರುವುದು ಬಹುಮಟ್ಟಿಗೆ ಅವಳು ಸತ್ತ ಮೇಲೆ.

ಗಣತಿಯ ಪುಸ್ತಕದಲ್ಲಿ

ನಮ್ಮ ಜನಗಣತಿ ಜನರನ್ನು ದುಡಿಯುವವರು, ದುಡಿಯದವರು ಎಂದು ವಿಂಗಡಿಸುತ್ತದೆ. ದುಡಿಯದವರಲ್ಲಿ ಮತ್ತೆ ಗುಂಪುಗಳು: ವಿದ್ಯಾರ್ಥಿಗಳು, ಅವಲಂಬಿತರು, ಪಿಂಚಣಿದಾರರು, ಬಾಡಿಗೆ ಬಡ್ಡಿಯಿಂದ ಬದುಕುವವರು, ಭಿಕ್ಷುಕರು. ಈ ಸಾಲಿನಲ್ಲೇ ‘ಮನೆಗೆಲಸ’ವೂ ಬರುತ್ತದೆ. 2011ರ ಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು ಹೇಳಿದ ಹೆಂಗಸರು ಸುಮಾರು 15.98 ಕೋಟಿ. ಹಾಗೆ ಹೇಳಿದ ಗಂಡಸರು ಸುಮಾರು 57.9 ಲಕ್ಷ. ದಿನವಿಡೀ ಮಾಡುವುದು ಮನೆಗೆಲಸ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಅವರನ್ನು ಬರೆದುಕೊಂಡದ್ದು ಕೆಲಸವಿಲ್ಲದವರ ಪಟ್ಟಿಯಲ್ಲಿ.

2001ರ ಗಣತಿಯಲ್ಲಿ ಇದು ಇನ್ನೂ ಕ್ರೂರವಾಗಿತ್ತು. ಸುಮಾರು 36 ಕೋಟಿ ಹೆಂಗಸರನ್ನು ದುಡಿಯದವರೆಂದು ಗುರುತಿಸಿ, ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆ ಒಂದೇ ವರ್ಗಕ್ಕೆ ಹಾಕಲಾಗಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಇದನ್ನು ಎತ್ತಿ ಆಡಿತು. ನ್ಯಾಯಮೂರ್ತಿ ಎ.ಕೆ. ಗಂಗೂಲಿ ಅವರು, ಇದು ಹೆಣ್ಣಿನ ಬಗೆಗಿನ ಪೂರ್ವಗ್ರಹವೆಂದೂ ಸಂಸತ್ತು ಇದರ ಬಗ್ಗೆ ಮತ್ತೆ ಯೋಚಿಸಬೇಕೆಂದೂ ಬರೆದರು. ಯಾವ ಹೆಂಗಸೂ ಇದನ್ನು ಕೇಳಿಕೊಂಡು ಕೋರ್ಟಿಗೆ ಹೋಗಿರಲಿಲ್ಲ. ಒಬ್ಬಾಕೆ ರಸ್ತೆಯಲ್ಲಿ ಸತ್ತು, ಅವಳ ಬೆಲೆ ಎಷ್ಟು ಎಂಬ ವ್ಯಾಜ್ಯ ಬಂದಾಗ ನ್ಯಾಯಾಲಯದ ಕಣ್ಣಿಗೆ ಈ ಪಟ್ಟಿ ಬಿತ್ತು.

ಈ ಪಟ್ಟಿಯ ಒಳಗೆ ಹೊಕ್ಕರೆ ಇನ್ನೊಂದು ವಿಚಿತ್ರ. ಹಾಲಿನ ಉದಾಹರಣೆ ತೆಗೆದುಕೊಳ್ಳಿ. ಮನೆಯ ಹಸುವಿನ ಹಾಲು ಮನೆಯವರ ಕಾಫಿಗೇ ಮುಗಿದುಹೋದರೂ ಅದು ಉತ್ಪಾದನೆ, ಆದ್ದರಿಂದ ಹಸು ನೋಡಿಕೊಂಡು ಹಾಲು ಕರೆಯುವಾಕೆ ದುಡಿಯುವವಳು ಎಂದು ಗಣತಿಯ ನಿಯಮವೇ ಹೇಳುತ್ತದೆ. ಅದೇ ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ಮಗುವಿಗೆ ಅನ್ನದ ಜೊತೆ ಕಲಸಿ ತಿನ್ನಿಸುವುದು ಮಾತ್ರ ದುಡಿಮೆಯಲ್ಲ. ಕೊಟ್ಟಿಗೆಯಲ್ಲಿ ಕೂತಿದ್ದಾಗ ಅವಳು ದುಡಿಯುವವಳು, ಅಡುಗೆಮನೆಗೆ ಬಂದ ಕೂಡಲೇ ಅಲ್ಲ. ಕೋಲಾರ, ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಬೆಳಗಾಗುವ ಮುಂಚೆ ಹಾಲಿನ ಕ್ಯಾನು ಹಿಡಿದು ಡೇರಿಗೆ ನಡೆಯುವ ತಾಯಂದಿರನ್ನು ಕೇಳಿ ನೋಡಿ, ಏನು ಕೆಲಸ ಎಂದು. ‘ಏನೂ ಇಲ್ಲ ಕಣಪ್ಪ, ಮನೇಲೇ’ ಎಂದೇ ಬಹಳ ಜನ ಹೇಳುತ್ತಾರೆ. ಸಾಲ ತೀರಿಸುವುದು ಆ ಹಾಲಿನ ದುಡ್ಡು, ಮಗಳ ಕಾಲೇಜು ಫೀಸು ಕಟ್ಟುವುದೂ ಆ ಹಾಲಿನ ದುಡ್ಡೇ. ಮಲೆನಾಡಿನಲ್ಲಿ ಕೊಯ್ಲಿನ ಕಾಲಕ್ಕೆ ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುವವರ ಮಾತೂ ಹೀಗೇ. ತೋಟ ಯಾರದು ಎಂದರೆ ಗಂಡನ ಹೆಸರು ಬರುತ್ತದೆ, ಕೆಲಸ ಏನು ಎಂದರೆ ‘ಮನೇಲಿರುವುದು’ ಎಂದು ಬರುತ್ತದೆ.

ಗಣತಿದಾರರು ಬಾಗಿಲಲ್ಲಿ ನಿಂತು ಕೇಳುವ ರೀತಿಯ ಮೇಲೆ ಲೆಕ್ಕವೇ ಬದಲಾಗುತ್ತದೆ ಎಂಬುದನ್ನು ಹೆಣ್ಣುಮಕ್ಕಳ ಪರವಾಗಿ ಕೆಲಸ ಮಾಡುವವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅವರ ಒತ್ತಾಯದಿಂದಲೇ 1991ರ ಗಣತಿಯ ಪ್ರಶ್ನೆಯಲ್ಲಿ, ಹೊಲದಲ್ಲೋ ಮನೆಯ ಕಸುಬಿನಲ್ಲೋ ಸಂಬಳವಿಲ್ಲದೆ ಮಾಡುವ ಕೆಲಸವನ್ನೂ ಸೇರಿಸಿ ಹೇಳಿ ಎಂಬ ಮಾತು ಬಂತು. ಅದುವರೆಗೆ ಕೆಲಸ ಮಾಡುತ್ತೀರಾ ಎಂದಷ್ಟೇ ಕೇಳಿದರೆ ಗಂಡ ‘ಇಲ್ಲ’ ಎನ್ನುತ್ತಿದ್ದ, ಅವಳೂ ತಲೆಯಾಡಿಸುತ್ತಿದ್ದಳು. ಹಾಗೆ ತಲೆಯಾಡಿಸಿದ್ದು ದೇಶದ ಅಂಕಿಅಂಶವಾಗುತ್ತಿತ್ತು.

ಅರ್ಥಶಾಸ್ತ್ರಜ್ಞರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಮನೆಗೆಲಸದವಳಿಗೆ ಸಂಬಳ ಕೊಡುತ್ತಿದ್ದವನು ಅವಳನ್ನೇ ಮದುವೆಯಾದರೆ ರಾಷ್ಟ್ರೀಯ ಆದಾಯ ಅಷ್ಟು ಕಡಿಮೆಯಾಗುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪೀಗೂ 1920ರಲ್ಲೇ ಬರೆದಿದ್ದ. ಅದೇ ಹೆಂಗಸು, ಅದೇ ಒಲೆ, ಅದೇ ಪಾತ್ರೆ. ನಿಂತುಹೋದದ್ದು ಸಂಬಳ ಮಾತ್ರ. 2013ರಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನ ಕೊನೆಗೂ ಕೆಲಸದ ವ್ಯಾಖ್ಯೆಯನ್ನು ಹಿಗ್ಗಿಸಿ, ಮನೆಯವರಿಗಾಗಿ ಸಂಬಳವಿಲ್ಲದೆ ಮಾಡುವ ಅಡುಗೆ, ಶುಚಿತ್ವ, ಮಕ್ಕಳ ಪಾಲನೆಯೆಲ್ಲ ಕೆಲಸವೇ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಕೆಲಸ ಎಂದು. ಜಿಡಿಪಿಯ ಲೆಕ್ಕಕ್ಕೆ ಅದು ಇನ್ನೂ ಹೊರಗೇ ಇದೆ.

ಸತ್ತ ಮೇಲೆ ಕಟ್ಟಿದ ಬೆಲೆ

ಈಗ ಕೋರ್ಟಿನ ಕಡತಕ್ಕೆ ಬರೋಣ. ಈ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಸರ್ಕಾರಕ್ಕಿಂತ ಬಹಳ ಮುಂದೆ ನಡೆದಿವೆ. ಆದರೆ ಅವು ನಡೆದ ದಾರಿ ಅಪಘಾತಗಳ ದಾರಿ.

1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದಲ್ಲಿ, ಜಮ್‌ಶೆಡ್‌ಜಿ ಟಾಟಾ ಅವರ 150ನೇ ಜನ್ಮದಿನದ ಸಮಾರಂಭದಲ್ಲಿ ಬೆಂಕಿ ಬಿದ್ದು ಮಕ್ಕಳೂ ಹೆಂಗಸರೂ ಸುಟ್ಟು ಸತ್ತರು. ಪರಿಹಾರದ ಲೆಕ್ಕ ಹಾಕುವಾಗ ಪ್ರಶ್ನೆ ಎದ್ದಿತು: ಸಂಬಳವಿಲ್ಲದ ಹೆಂಗಸು ಸತ್ತರೆ ಕುಟುಂಬಕ್ಕೆ ಆದ ನಷ್ಟವೆಷ್ಟು? 2001ರಲ್ಲಿ ಸುಪ್ರೀಂ ಕೋರ್ಟು, 34ರಿಂದ 59 ವರ್ಷದೊಳಗಿನ ಗೃಹಿಣಿಯ ಸೇವೆಯ ಬೆಲೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಹಿಡಿಯಿತು. ಅದಕ್ಕೆ ಮುಂಚೆ ಹಾಕಿದ್ದ ಲೆಕ್ಕ ವರ್ಷಕ್ಕೆ 12,000. ಅದು ತೀರಾ ಕಡಿಮೆಯಾಯಿತೆಂದು ಕೋರ್ಟೇ ಹೇಳಿತು. 62 ದಾಟಿದ ಅಜ್ಜಿಯರಿಗೆ ವರ್ಷಕ್ಕೆ 20,000 ಎಂದಿತು. ಮೊತ್ತ ಸಣ್ಣದು, ನಿಜ. ಆದರೆ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯ ಕೆಲಸಕ್ಕೂ ಬೆಲೆಯಿದೆ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಬರೆದದ್ದು ಸಣ್ಣ ಮಾತಲ್ಲ.

ಮೋಟಾರು ವಾಹನ ಕಾಯ್ದೆಯದು ಇನ್ನೊಂದು ಅಳತೆ. 1988ರ ಆ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ, ಸಂಪಾದನೆಯಿಲ್ಲದ ಹೆಂಡತಿಯ ಆದಾಯವನ್ನು ದುಡಿಯುವ ಗಂಡನ ಆದಾಯದ ಮೂರನೇ ಒಂದು ಭಾಗ ಎಂದು ಹಿಡಿಯಲಾಗಿತ್ತು. ಅಂದರೆ ಒಂದೇ ಬೀದಿಯ ಇಬ್ಬರು ತಾಯಂದಿರು, ಇಬ್ಬರೂ ಇಬ್ಬಿಬ್ಬರು ಮಕ್ಕಳನ್ನು ಸಾಕುತ್ತಿರುವವರು. ಒಬ್ಬಳ ಗಂಡ ಮ್ಯಾನೇಜರ್, ಇನ್ನೊಬ್ಬಳ ಗಂಡ ಆಟೊ ಓಡಿಸುವವನು. ಇಬ್ಬರೂ ಮಾಡುವುದು ಒಂದೇ ಕೆಲಸ. ಕಾನೂನಿನ ಕಣ್ಣಿಗೆ ಆಟೊ ಚಾಲಕನ ಹೆಂಡತಿಯ ಅಡುಗೆ ಅಗ್ಗವಾಗಿತ್ತು. ಅವಳ ಮನೆಯಲ್ಲಿ ಮಿಕ್ಸಿ, ವಾಷಿಂಗ್ ಮಷಿನ್ ಇಲ್ಲದೆ ಕೈಯಲ್ಲೇ ಎಲ್ಲ ಆಗಬೇಕು ಎಂಬುದು ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಮೇಲೆ ಹೇಳಿದ 2010ರ ಪ್ರಕರಣದಲ್ಲಿ ಟ್ರಿಬ್ಯೂನಲ್ ಕೊಟ್ಟಿದ್ದ 2.5 ಲಕ್ಷವನ್ನು ಸುಪ್ರೀಂ ಕೋರ್ಟು 6 ಲಕ್ಷಕ್ಕೆ ಏರಿಸಿತು.

2021ರ ಜನವರಿ 5ರ ತೀರ್ಪು ಇವೆಲ್ಲಕ್ಕಿಂತ ಓದಬೇಕಾದದ್ದು. ದೆಹಲಿಯಲ್ಲಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ ಇಬ್ಬರೂ 2014ರಲ್ಲಿ ಅಪಘಾತಕ್ಕೆ ಬಲಿಯಾಗಿದ್ದರು. ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಎನ್.ವಿ. ರಮಣ, ಸೂರ್ಯಕಾಂತ್ ಮತ್ತು ನಮ್ಮ ಮೂಡುಬಿದಿರೆ ಸೀಮೆಯ ಎಸ್. ಅಬ್ದುಲ್ ನಜೀರ್. ಹೆಂಗಸಿನ ಮನೆಗೆಲಸದ ಬಗ್ಗೆ ರಮಣ ಅವರು ಪ್ರತ್ಯೇಕವಾಗಿಯೇ ಬರೆದರು. ಅಡುಗೆ, ದಿನಸಿ, ಬಟ್ಟೆ, ಮಕ್ಕಳು, ಹಿರಿಯರು, ಮನೆಯ ಖರ್ಚಿನ ಹಿಡಿತ, ಹಳ್ಳಿಯಲ್ಲಾದರೆ ಬಿತ್ತನೆ, ಕೊಯ್ಲು, ದನಕರು ಎಂದು ಒಂದೊಂದನ್ನೂ ತೀರ್ಪಿನೊಳಗೆ ಪಟ್ಟಿ ಮಾಡಿದರು. ಗೃಹಿಣಿಯರಿಗೆ ಆದಾಯ ನಿಗದಿ ಮಾಡುವುದು ಅವರ ಕೆಲಸಕ್ಕೆ, ತ್ಯಾಗಕ್ಕೆ ಕಾನೂನು ಕೊಡುವ ಮನ್ನಣೆ ಎಂಬುದು ಅವರ ನಿಲುವು. 2024ರ ಫೆಬ್ರುವರಿಯಲ್ಲಿ ಅದೇ ಕೋರ್ಟು ಇನ್ನೂ ನೇರವಾಗಿ ಹೇಳಿತು: ಗೃಹಿಣಿಯ ಆದಾಯವನ್ನು ದಿನಗೂಲಿಯವರ ಕನಿಷ್ಠ ಕೂಲಿಗಿಂತ ಕಡಿಮೆ ಎಂದು ಹಿಡಿಯುವುದು ಸಲ್ಲದು. ಆ ಪ್ರಕರಣದ ಹೆಂಗಸು ಸತ್ತದ್ದು 2006ರಲ್ಲಿ. ಅವಳ ಕೆಲಸಕ್ಕೆ ಕೂಲಿಯಾಳಿನ ಸಮನಾದ ಮರ್ಯಾದೆ ಸಿಗಲು 18 ವರ್ಷ ಹಿಡಿಯಿತು.

ಇನ್ನೊಂದು ಕಡೆಯೂ ಅವಳ ಉದ್ಯೋಗ ದಾಖಲಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿವರ್ಷ ಆತ್ಮಹತ್ಯೆಗಳ ವರದಿ ತರುತ್ತದೆ. ಅದರಲ್ಲಿ ಸತ್ತವರನ್ನು ವೃತ್ತಿವಾರು ವಿಂಗಡಿಸುತ್ತಾರೆ: ರೈತರು, ದಿನಗೂಲಿಗಳು, ವಿದ್ಯಾರ್ಥಿಗಳು, ಹೀಗೆ. ‘ಗೃಹಿಣಿ’ ಎಂಬ ವೃತ್ತಿ ಅಲ್ಲಿದೆ. 2021ರಲ್ಲಿ ಆತ್ಮಹತ್ಯೆ ಮಾಡಿಕೊಂಡ 45 ಸಾವಿರ ಹೆಂಗಸರಲ್ಲಿ 23 ಸಾವಿರಕ್ಕೂ ಹೆಚ್ಚು ಜನ ಗೃಹಿಣಿಯರು. ಬದುಕಿದ್ದಾಗ ಗಣತಿಯವರು ಕೆಲಸವಿಲ್ಲದವಳು ಎಂದು ಬರೆದುಕೊಂಡವಳಿಗೆ ಪೊಲೀಸರ ದಾಖಲೆಯಲ್ಲಿ ವೃತ್ತಿ ಸಿಕ್ಕಿದೆ. ನನಗೆ ಈ ಸಂಗತಿಯನ್ನು ಓದಿ ದಾಟಿಹೋಗಲು ಆಗಿಲ್ಲ.

ಬದುಕಿರುವಾಕೆಗೆ ಕಾನೂನು ಏನು ಕೊಟ್ಟಿದೆ ಎಂದು ಕೇಳಿದರೆ ಉತ್ತರ ತೆಳ್ಳಗಿದೆ. ಗಂಡ ಸಂಪಾದಿಸಿ ತನ್ನ ಹೆಸರಿನಲ್ಲಿ ಕೊಂಡ ಸೈಟಿನಲ್ಲಿ, ಮೂವತ್ತು ವರ್ಷ ಮನೆ ನಡೆಸಿದ ಹೆಂಡತಿಗೆ ತಾನಾಗಿ ಪಾಲು ಬರುವ ನಿಯಮ ನಮ್ಮಲ್ಲಿಲ್ಲ. ಪಕ್ಕದ ಗೋವಾದಲ್ಲಿದೆ. ಪೋರ್ಚುಗೀಸರ ಕಾಲದ 1867ರ ಸಂಹಿತೆಯ ಪ್ರಕಾರ ಅಲ್ಲಿ ಬೇರೆ ಒಪ್ಪಂದ ಮಾಡಿಕೊಳ್ಳದೆ ಮದುವೆಯಾದವರ ಆಸ್ತಿ ಇಬ್ಬರಿಗೂ ಸಮಪಾಲು. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು, ಸೌದಿಯಲ್ಲಿ ದುಡಿಯುತ್ತಿದ್ದವನೊಬ್ಬನ ಹಣದಿಂದ ಊರಿನಲ್ಲಿ ಕೊಂಡ ಆಸ್ತಿಯಲ್ಲಿ ಹೆಂಡತಿಗೂ ಸಮಪಾಲಿದೆ ಎಂದಿತು. ಇಲ್ಲಿ ಅವಳು ಮಕ್ಕಳನ್ನೂ ಮನೆಯನ್ನೂ ನೋಡಿಕೊಂಡದ್ದರಿಂದಲೇ ಅಲ್ಲಿ ಅವನು ನಿಶ್ಚಿಂತೆಯಿಂದ ದುಡಿಯಲು ಸಾಧ್ಯವಾಯಿತು ಎಂಬುದು ಆ ತೀರ್ಪಿನ ತರ್ಕ. ಇಷ್ಟು ಸರಳವಾದ ತರ್ಕ ಹೈಕೋರ್ಟಿನಿಂದ ಬರಬೇಕಾಯಿತು.

ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು 2024ರ ಜುಲೈ 10ರ ತೀರ್ಪಿನಲ್ಲಿ ಆಡಿದ ಮಾತು ಇನ್ನೂ ಮನೆಯ ಹತ್ತಿರದ್ದು. ಸಂಪಾದನೆಯಿಲ್ಲದ ಹೆಂಡತಿ ಗಂಡನನ್ನು ನಂಬಿ ಬದುಕುತ್ತಾಳೆ ಎಂಬುದನ್ನು ಗಂಡಸರು ಅರಿಯಬೇಕು, ಜಂಟಿ ಖಾತೆ ತೆರೆಯಬೇಕು, ಎಟಿಎಂ ಕಾರ್ಡು ಅವಳ ಕೈಗೂ ಸಿಗಬೇಕು ಎಂದು ಅವರು ಬರೆದರು. ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಎಟಿಎಂ ಕಾರ್ಡಿನ ಮಾತು ಬಂದಿದೆ ಎಂದರೆ, ಅದು ಬರಬೇಕಾದ ಸ್ಥಿತಿ ಎಷ್ಟು ಮನೆಗಳಲ್ಲಿದೆ ಎಂದು ಊಹಿಸಬಹುದು. ನಾನು ಕಂಡ ಮನೆಗಳಲ್ಲೇ, ಖಾತೆ ಹೆಂಡತಿಯ ಹೆಸರಿನಲ್ಲಿದ್ದು ಪಿನ್ ಗಂಡನಿಗೆ ಮಾತ್ರ ಗೊತ್ತಿರುವುದುಂಟು.

ಅರ್ಜಿಗಳ ವಿಷಯಕ್ಕೆ ಬಂದರೆ ಚಿತ್ರ ಚೂರುಚೂರು. ಮಗು ಹುಟ್ಟಿದಾಗ ತುಂಬುವ ವರದಿಯಲ್ಲಿ ತಾಯಿಯ ಉದ್ಯೋಗದ ಕಾಲಂ ಇದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೋಮ್‌ಮೇಕರ್ ಎಂಬ ಆಯ್ಕೆಯೇ ಇದೆ. ‘ಉದ್ಯೋಗವಿಲ್ಲ’ ಎಂಬುದು ಬೇರೆಯಾಗಿ ಇದೆ. ಅಷ್ಟರ ಮಟ್ಟಿಗೆ ವಿದೇಶಾಂಗ ಇಲಾಖೆ ಗಣತಿಗಿಂತ ವಾಸಿ. ಉತ್ತರ ಕರ್ನಾಟಕದ ಕೋರ್ಟು ಕಚೇರಿಯ ಕಾಗದಗಳಲ್ಲಿ ಹೆಂಗಸಿನ ಹೆಸರು, ವಯಸ್ಸಿನ ಪಕ್ಕದಲ್ಲಿ ‘ಉದ್ಯೋಗ: ಮನೆಗೆಲಸ’ ಎಂದು ಬರೆಯುವ ಪದ್ಧತಿ ಹಿಂದಿನಿಂದಲೂ ಇದೆ. ವಕೀಲರ ಗುಮಾಸ್ತ ಯಾಂತ್ರಿಕವಾಗಿ ಬರೆದರೂ ನನಗೆ ಅದು ಸರಿಯೆನಿಸುತ್ತದೆ. ಉದ್ಯೋಗ ಇದೆ, ಅದು ಇಂಥದ್ದು ಎಂದು ಅದು ನೇರವಾಗಿ ಹೇಳುತ್ತದೆ.

ಪಡಿತರ ಚೀಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯಲ್ಲಿ 18 ತುಂಬಿದ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. ಅದೇ ಚೀಟಿಯ ಆಧಾರದ ಮೇಲೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಇದು ಸಂಬಳವಲ್ಲ, ಸರ್ಕಾರವೂ ಹಾಗೆ ಹೇಳಿಲ್ಲ. ಗಂಡ ಆದಾಯ ತೆರಿಗೆ ಕಟ್ಟುವವನಾದರೆ ಸಿಗುವುದೂ ಇಲ್ಲ. ಆದರೂ ಹಳ್ಳಿಗಳಲ್ಲಿ ಹೆಂಗಸರು ಅದನ್ನು ‘ನನ್ನ ದುಡ್ಡು’ ಎನ್ನುವುದನ್ನು ಕೇಳಿದ್ದೇನೆ. ಮದುವೆಯಾದಂದಿನಿಂದ ಆ ಎರಡು ಪದ ಆಡಲು ಅವಕಾಶವೇ ಬಾರದವರು ಅವರಲ್ಲಿದ್ದಾರೆ. ಯೋಜನೆಯ ಖರ್ಚಿನ ಬಗ್ಗೆ ಯಾರು ಏನೇ ವಾದಿಸಲಿ, ಇದು ಆ ವಾದದೊಳಗೆ ಬರಬೇಕಾದ ಸಂಗತಿ.

ಎಷ್ಟು ಹೊತ್ತಿನ ಕೆಲಸ

ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ದೇಶದಾದ್ಯಂತ ಜನರು ದಿನವನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಆದರೆ ಆ ಕೆಲಸದಲ್ಲಿ ತೊಡಗುವ ಹೆಂಗಸರು ನೂರಕ್ಕೆ 81, ಗಂಡಸರು 26. ಉಳಿದ ಗಂಡಸರು ಆ ದಿನ ಲೋಟವನ್ನೂ ತೊಳೆದಿರಲಿಲ್ಲ ಎಂದೇ ಅರ್ಥ. ಮಕ್ಕಳು, ಹಿರಿಯರ ಆರೈಕೆ ಇದರಲ್ಲಿ ಸೇರಿಲ್ಲ. ಅದಕ್ಕೆ ಹೆಂಗಸರದು ಬೇರೆ 134 ನಿಮಿಷ, ಗಂಡಸರದು 76. ಐದು ವರ್ಷದ ನಂತರ, 2024ರಲ್ಲಿ ಮತ್ತೆ ಸಮೀಕ್ಷೆಯಾಯಿತು. ಹೆಂಗಸರ ಮನೆಗೆಲಸ 299ರಿಂದ 289 ನಿಮಿಷಕ್ಕೆ ಇಳಿದಿತ್ತು. ಗಂಡಸರದು ಏರಿರಬಹುದೆಂದು ನೋಡಿದರೆ ಅದೂ 97ರಿಂದ 88ಕ್ಕೆ ಇಳಿದಿತ್ತು.

ಬೆಂಗಳೂರಿನಲ್ಲಿ ಓದಿ, ಕೆಲಸಕ್ಕೆ ಸೇರಿ, ಮಗುವಾದ ಮೇಲೆ ಬಿಟ್ಟ ಹೆಣ್ಣುಮಕ್ಕಳ ಮಾತಿಗೆ ಈ ನಿಮಿಷಗಳ ಲೆಕ್ಕವೇ ಹಿನ್ನೆಲೆ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರವಾಯಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಾಯಿತು. ಆದರೆ 27ನೇ ವಾರದಲ್ಲಿ ಮಗುವನ್ನು ಎತ್ತಿಕೊಳ್ಳುವವರು ಯಾರು? ಅಮ್ಮ ಊರಲ್ಲಿ, ಅತ್ತೆಗೆ ಮಂಡಿನೋವು, ಆಫೀಸು ಔಟರ್ ರಿಂಗ್ ರೋಡಿನ ಆ ತುದಿ, ಮನೆ ಕೆಂಗೇರಿ. ಶಾಲೆ ಬಿಡುವುದು ಮೂರೂವರೆಗೆ. ಹೀಗೆ ಕೂಡಿ ಕಳೆದಾಗ ಬಿಡುವುದು ಅವಳ ಕೆಲಸ, ಅವನದಲ್ಲ. ಆಮೇಲೆ ‘ಅವಳಿಗೇ ಇಷ್ಟವಿಲ್ಲ’ ಎಂದು ನೆಂಟರ ಮುಂದೆ ಹೇಳುವುದು ಬೇರೆ. ಇಷ್ಟಪಟ್ಟು ಮನೆಯಲ್ಲಿರುವವರೂ ಇದ್ದಾರೆ. ಮಗು ಮೊದಲ ಹೆಜ್ಜೆಯಿಡುವುದನ್ನು ನೋಡಬೇಕು, ತಾನೇ ಪಾಠ ಹೇಳಿಕೊಡಬೇಕು ಎಂದು ಮನಸ್ಸು ಮಾಡಿ ಕೆಲಸ ಬಿಟ್ಟವರು. ಅವರ ಮಾತಿನಲ್ಲೂ ಆ ‘ಯಾಕೆಂದರೆ’ ಇರುವುದೇ ನನ್ನ ತಕರಾರು. ಇಷ್ಟಪಟ್ಟು ಆರಿಸಿಕೊಂಡ ಕೆಲಸಕ್ಕೂ ಸಮಜಾಯಿಷಿ ಕೊಡಬೇಕೆ?

ಅಮೆರಿಕದಲ್ಲಿರುವ ಕನ್ನಡತಿಯರಲ್ಲಿ ಎಚ್-4 ವೀಸಾದ ಮೇಲೆ ಹೋದವರದು ಬೇರೆ ಸಂಕಟ. ಗಂಡನ ಎಚ್-1ಬಿ ಜೊತೆಗೆ ಬರುವ ಆ ವೀಸಾದಲ್ಲಿ ದುಡಿಯುವುದಕ್ಕೇ ಅನುಮತಿಯಿರಲಿಲ್ಲ. 2015ರ ಮೇ 26ರಿಂದ, ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರಿಗೆ ಮಾತ್ರ ಅನುಮತಿ ಸಿಕ್ಕಿತು. ಡಾಕ್ಟರು, ಲೆಕ್ಚರರು ಆಗಿದ್ದವರು ಅಲ್ಲಿನ ಕನ್ನಡ ಕೂಟದ ಯುಗಾದಿ ಊಟದಲ್ಲಿ ಉದ್ಯೋಗದ ಬದಲು ವೀಸಾದ ಹೆಸರು ಹೇಳುತ್ತಾರೆ, ‘ನಾನು ಎಚ್-4’ ಎಂದು.

ದಕ್ಷಿಣ ಕನ್ನಡದ ಮನೆಗಳ ಜಗಲಿಯಲ್ಲಿ ಇದಕ್ಕೆ ಪಕ್ಕಾ ವಿರುದ್ಧವಾದ ದೃಶ್ಯವಿದೆ. ಅಲ್ಲಿ ಸಾವಿರಾರು ತಾಯಂದಿರು ಮನೆಯಲ್ಲೇ ಕೂತು ಬೀಡಿ ಕಟ್ಟುತ್ತ ಬಂದಿದ್ದಾರೆ. ಅವರಿಗಾಗಿ 1966ರಲ್ಲಿ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿ ಬಂತು, ಭವಿಷ್ಯನಿಧಿ ಇದೆ, ಗುರುತಿನ ಚೀಟಿ ಇದೆ. ಅವರ ಉತ್ತರದಲ್ಲಿ ತೊದಲಿಲ್ಲ: ‘ಬೀಡಿ ಕಟ್ತೇನೆ’. ಆ ದುಡಿಮೆ ಆರೋಗ್ಯಕ್ಕೆ ಕೆಟ್ಟದ್ದು, ಕೂಲಿ ಸಾಲದು, ಅದೆಲ್ಲ ನಿಜ. ಆದರೆ ಮನೆಯೊಳಗೆ ಕೂತು ಮಾಡುವ ಕೆಲಸಕ್ಕೆ ಚೀಟಿಯೂ ಪಿಎಫ್ ಖಾತೆಯೂ ಸಿಕ್ಕಾಗ ಹೆಂಗಸು ತನ್ನ ಕೆಲಸವನ್ನು ಹೇಗೆ ಹೇಳುತ್ತಾಳೆ ಎಂಬುದಕ್ಕೆ ಅದು ಕಣ್ಣೆದುರಿನ ಸಾಕ್ಷಿ.

ಕನ್ನಡದಲ್ಲಿ ಇದಕ್ಕೆ ಹಳೆಯ ಪರಂಪರೆಯೂ ಇದೆ. ಹನ್ನೆರಡನೆಯ ಶತಮಾನದ ಶರಣೆಯರನ್ನು ನಾವು ಇಂದಿಗೂ ನೆನೆಯುವುದು ಅವರ ಕಾಯಕದ ಜೊತೆಗೆ. ಬತ್ತ ಕುಟ್ಟುತ್ತಿದ್ದವಳು ಕೊಟ್ಟಣದ ಸೋಮಮ್ಮ. ನೂಲು ತೆಗೆಯುತ್ತಿದ್ದವಳು ಕದಿರ ರೆಮ್ಮವ್ವೆ. ಗಂಡ ಆಯ್ದು ತಂದ ಅಕ್ಕಿ ಹೆಚ್ಚಾಯಿತೆಂದು ಅವನಿಗೇ ಬುದ್ಧಿ ಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ಕುಟ್ಟುವುದು, ನೂಲುವುದು, ಅಕ್ಕಿ ಹಸನು ಮಾಡುವುದು ಎಂದರೆ ಅಂದಿನ ಯಾವ ಹೆಂಗಸಿನ ದಿನಚರಿಯಲ್ಲೂ ಇದ್ದ ಕೆಲಸಗಳೇ. ಅವಕ್ಕೆ ಕಲ್ಯಾಣದಲ್ಲಿ ಅರಮನೆಯ ಭಂಡಾರಿಯ ಕಾಯಕಕ್ಕೆ ಇದ್ದಷ್ಟೇ ಮಾನವಿತ್ತು. ಬಸವ ಜಯಂತಿಗೆ ಕಾಯಕದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವ ನಾವು, ಅಂದು ಸಂಜೆ ಹೆಂಡತಿಯನ್ನು ಪರಿಚಯಿಸುವಾಗ ‘ಇವಳು ಏನೂ ಮಾಡಲ್ಲ, ಮನೇಲೇ’ ಎನ್ನುತ್ತೇವೆ.

ಅಮ್ಮನ ಪ್ರೀತಿಗೆ ಬೆಲೆ ಕಟ್ಟುತ್ತೀರಾ ಎಂದು ಕೇಳುವವರು ಯಾವಾಗಲೂ ಇರುತ್ತಾರೆ. ಪ್ರೀತಿಗೆ ಯಾರೂ ಬೆಲೆ ಕಟ್ಟುತ್ತಿಲ್ಲ. ಕಟ್ಟಬೇಕಾದದ್ದು ಆ 289 ನಿಮಿಷಕ್ಕೆ. ತ್ಯಾಗಮಯಿ, ಅನ್ನಪೂರ್ಣೆ ಎಂದು ಹಾಡಿ ಹೊಗಳುವುದಕ್ಕೆ ಖರ್ಚಿಲ್ಲ. ವಿಮೆ, ಪಿಂಚಣಿ, ಆಸ್ತಿಯಲ್ಲಿ ಹೆಸರು ಇವಕ್ಕೆ ಖರ್ಚಿದೆ. ಆದ್ದರಿಂದ ಹೊಗಳಿಕೆ ಧಾರಾಳವಾಗಿ ಸಿಗುತ್ತದೆ. ಜರ್ಮನಿಯಲ್ಲಿ 1992ರಿಂದೀಚೆಗೆ ಹುಟ್ಟಿದ ಒಂದೊಂದು ಮಗುವಿನ ಪಾಲನೆಗೆ ಮೂರು ವರ್ಷದ ಸೇವೆಯನ್ನು ಪಿಂಚಣಿ ಲೆಕ್ಕಕ್ಕೆ ಸೇರಿಸುತ್ತಾರೆ. ಅರ್ಜೆಂಟೀನ 2021ರಲ್ಲಿ ಮಕ್ಕಳನ್ನು ಸಾಕಿದ್ದಕ್ಕೆ ತಾಯಂದಿರ ಸೇವಾವಧಿಗೆ ವರ್ಷಗಳನ್ನು ಕೂಡಿಸುವ ಕ್ರಮ ತಂದಿತು. ನಮ್ಮಲ್ಲೂ ಇದು ಆಗದ ಕೆಲಸವಲ್ಲ. ಆಗಬೇಕಾದರೆ ಮೊದಲು ಅವಳು ದುಡಿಯುವವರ ಪಟ್ಟಿಯಲ್ಲಿ ಇರಬೇಕು.

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದಕ್ಕೆ ಮುಂಚೆ ಫೆಬ್ರುವರಿಯಲ್ಲಿ ಗಣತಿದಾರರು ನಿಮ್ಮ ಬಾಗಿಲಿಗೆ ಬರುತ್ತಾರೆ. ಬಹುಶಃ ನಿಮ್ಮೂರಿನ ಶಾಲೆಯ ಮೇಷ್ಟ್ರೋ ಟೀಚರೋ ಆಗಿರುತ್ತಾರೆ. ಈ ಸಲ ನಾವೇ ಮೊಬೈಲಿನಲ್ಲಿ ತುಂಬಿ ಕಳಿಸುವ ಅವಕಾಶವೂ ಇದೆ. ಗಂಡಸರಲ್ಲಿ ನನ್ನ ವಿನಂತಿ ಇಷ್ಟೇ: ಆ ಪ್ರಶ್ನೆ ಬಂದಾಗ ನೀವು ಉತ್ತರಿಸಬೇಡಿ, ಅವರನ್ನು ಕರೆಯಿರಿ. ತಾಯಂದಿರೇ, ನೀವು ಒಳಗಿನಿಂದ ‘ಏನಿಲ್ಲ ಅಂತ ಬರ್ಕೊಳಿ’ ಎನ್ನಬೇಡಿ. ಹೊರಗೆ ಬಂದು ಕೂತು ಹೇಳಿ. ಹಸು ಕರೆಯುತ್ತೀರಾದರೆ ಅದನ್ನು ಹೇಳಿ, ರವಿಕೆ ಹೊಲಿದುಕೊಡುತ್ತೀರಾದರೆ, ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳುತ್ತೀರಾದರೆ, ಗಂಡನ ಅಂಗಡಿಯಲ್ಲಿ ಮಧ್ಯಾಹ್ನ ಗಲ್ಲಾದಲ್ಲಿ ಕೂರುತ್ತೀರಾದರೆ, ಹೊಲದಲ್ಲಿ ಕಳೆ ಕೀಳುತ್ತೀರಾದರೆ ಎಲ್ಲವನ್ನೂ ಹೇಳಿ. ಅವು ಇಂದಿನ ನಿಯಮದಲ್ಲೇ ದುಡಿಮೆ, ನಿಮ್ಮನ್ನು ದುಡಿಯುವವರೆಂದು ಬರೆದುಕೊಳ್ಳಲೇಬೇಕು. ಇವು ಯಾವುದೂ ಇಲ್ಲದಿದ್ದರೆ, ಮನೆಗೆಲಸ ಮಾಡುತ್ತೇನೆ, ಮಕ್ಕಳನ್ನು ಸಾಕುತ್ತಿದ್ದೇನೆ ಎಂದು ಹೇಳಿ. ಅದಕ್ಕೆ ಮುಂದೆ ‘ಯಾಕೆಂದರೆ’ ಸೇರಿಸಬೇಡಿ.